ಗಣಕಯಂತ್ರದ ನಾಡಿಪರೀಕ್ಷೆ

ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ಹೆದ್ದಾರಿಯ ಮೇಲೆ ಪುಂಜಾಲಕಟ್ಟೆ ಎಂಬ ಊರಿದೆ. ಅದರ ಸುತ್ತಣ ಹಳ್ಳಿಗಳಲ್ಲಿ ಅಡಿಕೆಯ ತೋಟಗಳು ಹಬ್ಬಿವೆ. ಮಳೆಗಾಲದಲ್ಲಿ ಆ ಸೀಮೆಗೆ ನೀರಿನ ಚಿಂತೆಯಿಲ್ಲ. ಬೇಸಗೆ ಕಾಲಿಟ್ಟಿತೆಂದರೆ ತೋಟದ ಜೀವವೆಲ್ಲ ಪಂಪಿನಲ್ಲಿರುತ್ತದೆ. ಬಾವಿಯ ಬಳಿ ಪಂಪಿನ ಕೋಣೆ, ಕೋಣೆಯ ಗೋಡೆಗೆ ಒಂದು ಹಲಗೆ, ಹಲಗೆಯ ಮೇಲೆ ಸ್ಟಾರ್ಟರು, ವೋಲ್ಟ್‌ಮೀಟರು, ಅಮ್ಮೀಟರು. ಗುಂಡಿಯನ್ನೊತ್ತಿದ ಕೃಷಿಕನು ಮೋಟಾರಿನ ಸದ್ದನ್ನು ಕೇಳಿದೊಡನೆ ಮನೆಗೆ ಮರಳುವುದಿಲ್ಲ. ಅಮ್ಮೀಟರಿನ ಮುಳ್ಳು ಎಲ್ಲಿ ಬಂದು ನಿಂತಿತೆಂದು ನೋಡುತ್ತಾನೆ. ಪಂಪು ನೀರನ್ನೆತ್ತುತ್ತಿರುವಾಗ ಮುಳ್ಳು ತನ್ನ ವಾಡಿಕೆಯ ಜಾಗದಲ್ಲಿರುತ್ತದೆ. ಬಾವಿಯ ನೀರು ತಗ್ಗಿ ಪಂಪು ಗಾಳಿಯನ್ನು ಹೀರತೊಡಗಿದರೂ ಮೋಟಾರು ತಿರುಗುತ್ತಲೇ ಇರುತ್ತದೆ, ಸದ್ದು ನಿಲ್ಲುವುದಿಲ್ಲ. ಆದರೆ ಮುಳ್ಳು ಕೆಳಕ್ಕಿಳಿಯುತ್ತದೆ. ಎತ್ತುವ ಹೊರೆಯೇ ಇಲ್ಲದ ಮೋಟಾರು ಹೆಚ್ಚು ವಿದ್ಯುತ್ತನ್ನು ಎಳೆಯುವುದಿಲ್ಲ. ತಿರುಗುವುದು ಬೇರೆ, ದುಡಿಯುವುದು ಬೇರೆ ಎಂಬ ಸತ್ಯವನ್ನು ಆ ಮುಳ್ಳು ಸದ್ದಿಲ್ಲದೆ ಹೇಳುತ್ತದೆ.

ತಿರುಗುತ್ತಿರುವ ಯಂತ್ರವು ನಿಜವಾಗಿ ದುಡಿಯುತ್ತಿದೆಯೇ ಎಂಬ ಈ ಸಂದೇಹವು ತೋಟದ ಪಂಪಿಗೆ ಮಾತ್ರ ಸಂಬಂಧಿಸಿದುದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಪರಮ್ ಪ್ರವೇಗ’ ಎಂಬ ಮಹಾಗಣಕವಿದೆ. ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಅಭಿಯಾನದ ಅಂಗವಾಗಿ 2022ರಲ್ಲಿ ಅಲ್ಲಿ ನೆಲೆಗೊಂಡ ಈ ಯಂತ್ರದ ಗರಿಷ್ಠ ವೇಗ 3.3 ಪೆಟಾಫ್ಲಾಪ್, ಎಂದರೆ ಸೆಕೆಂಡಿಗೆ ಸುಮಾರು 3,300 ಲಕ್ಷ ಕೋಟಿ ಲೆಕ್ಕಗಳು. ಅದರ ಕೆಲವು ಘಟಕಗಳಲ್ಲಿ ಸಾಮಾನ್ಯ ಪ್ರೊಸೆಸರುಗಳ ಜೊತೆಗೆ ಎನ್‌ವಿಡಿಯಾ ಸಂಸ್ಥೆಯ ‘ವಿ100’ ಎಂಬ ಗ್ರಾಫಿಕ್ಸ್ ಪ್ರೊಸೆಸರುಗಳನ್ನು ಅಳವಡಿಸಲಾಗಿದೆ. ಇಂತಹ ಯಂತ್ರವು ಒಬ್ಬನ ಸೊತ್ತಲ್ಲ. ಅಣುಗಳ ಚಲನೆಯನ್ನು ಲೆಕ್ಕ ಹಾಕುವವರು, ದ್ರವಗಳ ಹರಿವನ್ನು ಅಧ್ಯಯನ ಮಾಡುವವರು, ಮಾತನ್ನು ಗುರುತಿಸಲು ಗಣಕಕ್ಕೆ ಕಲಿಸುವವರು ಎಲ್ಲರೂ ತಮ್ಮ ತಮ್ಮ ಕೆಲಸವನ್ನು ಸರದಿಯಲ್ಲಿಟ್ಟು ಕಾಯುತ್ತಾರೆ. ಒಬ್ಬನ ಗಣನೆಯು ಪ್ರೊಸೆಸರನ್ನು ಹಿಡಿದುಕೊಂಡಿರುವಷ್ಟು ಹೊತ್ತು ಇನ್ನೊಬ್ಬನಿಗೆ ಅದು ದೊರೆಯದು. ಹಿಡಿದುಕೊಂಡವನ ಗಣನೆಯು ಗಾಳಿಯನ್ನು ಹೀರುವ ಪಂಪಿನಂತಿದ್ದರೆ ನಷ್ಟವು ಇಬ್ಬರಿಗೂ ತಟ್ಟುತ್ತದೆ.

ಗ್ರಾಫಿಕ್ಸ್ ಪ್ರೊಸೆಸರು, ಅಥವಾ ಹ್ರಸ್ವವಾಗಿ ಜಿಪಿಯು, ಹುಟ್ಟಿದ್ದು ಗಣಕದ ತೆರೆಯ ಮೇಲೆ ಚಿತ್ರಗಳನ್ನು ಮೂಡಿಸುವುದಕ್ಕಾಗಿ. ಇಂದಿನ ಸಾಮಾನ್ಯ ತೆರೆಯೊಂದರಲ್ಲಿ ಅಡ್ಡಕ್ಕೆ 1,920, ಉದ್ದಕ್ಕೆ 1,080 ಚುಕ್ಕೆಗಳಿರುತ್ತವೆ. ಒಟ್ಟು 20 ಲಕ್ಷಕ್ಕೂ ಮಿಕ್ಕು. ಚಿತ್ರವು ಸೆಕೆಂಡಿಗೆ 60 ಬಾರಿ ಬದಲಾಗಬೇಕಾದರೆ 12 ಕೋಟಿಗೂ ಹೆಚ್ಚು ಚುಕ್ಕೆಗಳ ಬಣ್ಣವನ್ನು ಪ್ರತಿ ಸೆಕೆಂಡೂ ನಿರ್ಧರಿಸಬೇಕು. ಒಂದು ಚುಕ್ಕೆಯ ಲೆಕ್ಕಕ್ಕೆ ಪಕ್ಕದ ಚುಕ್ಕೆಯ ಉತ್ತರಕ್ಕಾಗಿ ಕಾಯಬೇಕಾಗಿಲ್ಲ. ಆದುದರಿಂದ ಒಬ್ಬ ಮಹಾಪಂಡಿತನಿಗಿಂತ ಕೂಡುವುದನ್ನೂ ಗುಣಿಸುವುದನ್ನೂ ಬಲ್ಲ ಸಾವಿರಾರು ಮಂದಿ ಸಾಮಾನ್ಯರೇ ಇಲ್ಲಿ ಹೆಚ್ಚು ಪ್ರಯೋಜನಕಾರಿಗಳು. 1999ರಲ್ಲಿ ‘ಜಿಫೋರ್ಸ್ 256’ ಎಂಬ ಫಲಕವು ಮಾರಾಟಕ್ಕೆ ಬಂದಾಗ ಜಿಪಿಯು ಎಂಬ ಹೆಸರು ಪ್ರಚಾರಕ್ಕೆ ಬಂದಿತು. 2007ರಲ್ಲಿ ‘ಕುಡಾ’ ಎಂಬ ವ್ಯವಸ್ಥೆಯು ಬಳಕೆಗೆ ದೊರೆತ ಮೇಲೆ, ಚಿತ್ರಕ್ಕೆ ಯಾವ ಸಂಬಂಧವೂ ಇಲ್ಲದ ವಿಜ್ಞಾನದ ಲೆಕ್ಕಗಳನ್ನು ಈ ಯಂತ್ರಕ್ಕೆ ಒಪ್ಪಿಸುವುದು ಸುಲಭವಾಯಿತು. 2017ರಲ್ಲಿ ಬಂದ ವಿ100ರಲ್ಲಿ ಇಂತಹ ಸಣ್ಣ ಲೆಕ್ಕಿಗರ ಸಂಖ್ಯೆ 5,120. ಇವರು 64 ಮಂದಿಯ ಒಂದೊಂದು ಗುಂಪಿನಂತೆ 80 ಗುಂಪುಗಳಲ್ಲಿ ಕುಳಿತಿದ್ದಾರೆ. ಈ 80 ಎಂಬ ಸಂಖ್ಯೆಯನ್ನು ನೆನಪಿಡತಕ್ಕದ್ದು.

ಈ ಲೆಕ್ಕಿಗರು ದುಡಿಯುತ್ತಿದ್ದಾರೆಯೇ ಎಂದು ತಿಳಿಯುವ ಸಾಧನಗಳಿಗೆ ಕೊರತೆಯಿಲ್ಲ. ಎನ್‌ವಿಡಿಯಾ ಫಲಕವನ್ನು ನಡೆಸುವ ತಂತ್ರಾಂಶದೊಡನೆಯೇ ‘ಎನ್‌ವಿಡಿಯಾ-ಎಸ್‌ಎಂಐ’ ಎಂಬ ಒಂದು ಸಣ್ಣ ಉಪಕರಣವು ಉಚಿತವಾಗಿ ಬರುತ್ತದೆ. ಹೆಸರನ್ನು ಟೈಪು ಮಾಡಿದರೆ ಸಾಕು, ತೆರೆಯ ಮೇಲೆ ಒಂದು ಕೋಷ್ಟಕವು ಮೂಡುತ್ತದೆ. ಫಲಕದ ಉಷ್ಣತೆ, ಅದು ಎಳೆಯುತ್ತಿರುವ ವಿದ್ಯುತ್ತು, ತುಂಬಿರುವ ಸ್ಮೃತಿ, ಕೊನೆಯಲ್ಲಿ ಬಳಕೆಯ ಶೇಕಡಾವಾರು. ನೋಡುವವರ ಕಣ್ಣು ಸಾಮಾನ್ಯವಾಗಿ ಹಾಯುವುದು ಕೊನೆಯ ಅಂಕಿಗೇ. ಅಲ್ಲಿ 100 ಎಂದಿದ್ದರೆ ಯಂತ್ರವು ಪೂರ್ತಿಯಾಗಿ ದುಡಿಯುತ್ತಿದೆಯೆಂದು ನಂಬಿ ನಿಶ್ಚಿಂತರಾಗುವವರು ಅನೇಕರು.

ಆ ಅಂಕಿಯ ಅರ್ಥ ಅದಲ್ಲ. ತಯಾರಕರು ತಮ್ಮ ಕೈಪಿಡಿಯಲ್ಲಿ ಅದನ್ನು ಸ್ಪಷ್ಟವಾಗಿಯೇ ವಿವರಿಸಿದ್ದಾರೆ: ಅಳತೆಯ ಅವಧಿಯಲ್ಲಿ ಕನಿಷ್ಠ ಒಂದಾದರೂ ಗಣನೆಯು ಫಲಕದ ಮೇಲೆ ನಡೆಯುತ್ತಿದ್ದ ಕಾಲವು ಶೇಕಡಾ ಎಷ್ಟು ಎಂಬುದೇ ಆ ಅಂಕಿ. ಆ ಅವಧಿಯು ಫಲಕಕ್ಕೆ ತಕ್ಕಂತೆ ಒಂದು ಸೆಕೆಂಡಿನಿಂದ ಸೆಕೆಂಡಿನ ಆರನೆಯ ಒಂದು ಭಾಗದವರೆಗೆ ಇರಬಹುದು. ಎಷ್ಟು ಹೊತ್ತು ಎಂಬುದಕ್ಕೆ ಇಲ್ಲಿ ಉತ್ತರವಿದೆ, ಎಷ್ಟು ಮಂದಿ ಎಂಬುದಕ್ಕೆ ಉತ್ತರವಿಲ್ಲ.

ಅಡಿಕೆಯ ಸೀಮೆಯವರಿಗೆ ಈ ಭೇದವನ್ನು ತಿಳಿಸುವುದು ಕಷ್ಟವಲ್ಲ. ಅಂಗಳದಲ್ಲಿ ಒಣಗಿದ ಅಡಿಕೆಯನ್ನು ಸುಲಿಯುವುದಕ್ಕೆ 80 ಮಂದಿ ಕೂರಬಹುದಾದ ಒಂದು ದೊಡ್ಡ ಚಾವಡಿಯನ್ನು ಕಲ್ಪಿಸಿಕೊಳ್ಳಬಹುದು. ಪೇಟೆಗೆ ಹೋಗಬೇಕಾದ ಯಜಮಾನನು ಹೊರಗಿನ ಜಗಲಿಯಲ್ಲಿ ಒಬ್ಬ ಆಳನ್ನು ಕೂರಿಸಿ, ಒಳಗೆ ಕೆಲಸ ನಡೆಯುತ್ತದೆಯೇ ಎಂದು ಕಿವಿಗೊಟ್ಟು ಕೇಳುತ್ತಿರುವಂತೆ ಹೇಳಿ ಹೋಗುತ್ತಾನೆ. ಸಂಜೆ ಮರಳಿ ಬಂದು ವಿಚಾರಿಸಿದರೆ, “ಧಣಿಗಳೇ, ಬೆಳಗಿನಿಂದ ಸುಲಿಯುವ ಸದ್ದು ಒಂದು ಗಳಿಗೆಯೂ ನಿಂತದ್ದಿಲ್ಲ” ಎಂದು ಆಳು ಹೇಳುತ್ತಾನೆ. ಅವನು ಸುಳ್ಳು ಹೇಳಲಿಲ್ಲ. ಆದರೆ ಒಳಗೆ 79 ಮಣೆಗಳು ಖಾಲಿಯಿದ್ದು ಒಬ್ಬನೇ ಕುಳಿತು ಸುಲಿಯುತ್ತಿದ್ದರೂ ಅವನು ಇದೇ ಮಾತನ್ನು ಹೇಳುತ್ತಿದ್ದನು. ವಿ100ರ 80 ಗುಂಪುಗಳಲ್ಲಿ ಒಂದೇ ಒಂದು ಗುಂಪು ಎಡೆಬಿಡದೆ ದುಡಿದು ಉಳಿದ 79 ಸುಮ್ಮನಿದ್ದರೂ ಎನ್‌ವಿಡಿಯಾ-ಎಸ್‌ಎಂಐ ನೂರಕ್ಕೆ ನೂರು ಎಂದೇ ತೋರಿಸುತ್ತದೆ. ಆಳಿಗೆ ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು. ಅನುಭವವುಳ್ಳ ಯಜಮಾನನು ಸದ್ದಿನ ಗೊಡವೆಗೇ ಹೋಗದೆ ಸಂಜೆ ತಕ್ಕಡಿಯನ್ನು ತರಿಸುತ್ತಾನೆ. ಸುಲಿದ ಅಡಿಕೆಯ ತೂಕದ ಮೇಲೆ ಕೂಲಿಯನ್ನು ಲೆಕ್ಕ ಹಾಕುತ್ತಾನೆ.

ಹಾಗೆಂದು ಆ ಸಣ್ಣ ಉಪಕರಣವನ್ನು ಕಡೆಗಣಿಸುವುದು ಸರಿಯಲ್ಲ. ಅದೇ ಕೋಷ್ಟಕದಲ್ಲಿ, ಅದೇ ಸಾಲಿನಲ್ಲಿ, ಅಮ್ಮೀಟರಿನ ಮುಳ್ಳಿಗೆ ಸಮನಾದ ಒಂದು ಅಂಕಿಯಿದೆ, ಅದು ವಿದ್ಯುತ್ತಿನದು. ವಿ100ರ ಒಂದು ಮಾದರಿಗೆ ಗರಿಷ್ಠ ಮಿತಿ 300 ವಾಟ್. ಬಳಕೆ 100 ಎಂದು ತೋರುತ್ತಿರುವಾಗ ವಿದ್ಯುತ್ತು 250 ವಾಟಿನ ಆಸುಪಾಸಿನಲ್ಲಿದ್ದರೆ ಚಾವಡಿಯು ಬಹುಮಟ್ಟಿಗೆ ತುಂಬಿದೆಯೆಂದು ಊಹಿಸಬಹುದು. ಬಳಕೆ 100 ಆಗಿದ್ದು ವಿದ್ಯುತ್ತು 70 ವಾಟಿನಲ್ಲಿಯೇ ನಿಂತಿದ್ದರೆ ಸಂಶಯಪಡಬೇಕು. ಟ್ರಾನ್ಸಿಸ್ಟರುಗಳು ಸ್ಥಿತಿ ಬದಲಾಯಿಸಿದಾಗಲೆಲ್ಲ ಶಕ್ತಿ ವ್ಯಯವಾಗುತ್ತದೆ. ಸುಮ್ಮನಿರುವ ಗುಂಪುಗಳಲ್ಲಿ ಆ ವ್ಯಯ ಅತ್ಯಲ್ಪ. ವಾಟಿನ ಅಂಕಿಯು ಸೂಕ್ಷ್ಮ ವಿವರಗಳನ್ನು ಕೊಡಲಾರದು, ಆದರೆ ಅದು ಸುಲಭವಾಗಿ ಮೋಸಹೋಗುವಂತಹುದಲ್ಲ.

ಸ್ಮೃತಿಯ ಅಂಕಿಯಾದರೋ ಬಹಳ ಮೋಸಗೊಳಿಸುತ್ತದೆ. ಯಂತ್ರಕಲಿಕೆಗೆ ಬಳಸುವ ‘ಟೆನ್ಸರ್‌ಫ್ಲೋ’ ಎಂಬ ತಂತ್ರಾಂಶವು, ಬೇರೆ ಆಜ್ಞೆಯನ್ನು ಕೊಡದಿದ್ದರೆ, ಕೆಲಸವನ್ನು ಆರಂಭಿಸುವಾಗಲೇ ಫಲಕದ ಸ್ಮೃತಿಯನ್ನು ಬಹುಪಾಲು ತನಗೆಂದು ಕಾದಿರಿಸಿಬಿಡುತ್ತದೆ. ಬಸ್ಸಿನ ಸೀಟಿನ ಮೇಲೆ ಟವೆಲು ಹಾಕಿ ಕೆಳಗಿಳಿದು ಹೋದಂತೆ. ಸ್ಮೃತಿಯು ತುಂಬಿದಂತೆ ಕಾಣುತ್ತದೆಯೆಂಬ ಒಂದೇ ಕಾರಣಕ್ಕೆ ಇನ್ನೂ ದೊಡ್ಡ ಫಲಕವನ್ನು ಕೊಂಡವರು ಹಣವನ್ನು ವ್ಯರ್ಥ ಮಾಡಿಕೊಂಡಂತೆಯೇ ಸರಿ.

ಉಷ್ಣತೆಯ ವಿಷಯದಲ್ಲಿ ಕರಾವಳಿಯವರು ವಿಶೇಷ ಎಚ್ಚರಿಕೆ ವಹಿಸುವುದು ಅವಶ್ಯ. ಏಪ್ರಿಲ್ ತಿಂಗಳಿನಲ್ಲಿ, ಹವಾನಿಯಂತ್ರಣವಿಲ್ಲದ ಕೋಣೆಯಲ್ಲಿ, ಮುಚ್ಚಿದ ಪೆಟ್ಟಿಗೆಯೊಳಗೆ ಇಂತಹ ಫಲಕವು ಗಂಟೆಗಟ್ಟಲೆ ದುಡಿದರೆ ಬಿಸಿಯೇರುತ್ತದೆ. ನಿಗದಿತ ಮಿತಿಯನ್ನು ಮುಟ್ಟಿದೊಡನೆ ಅದು ತನ್ನನ್ನು ತಾನೇ ಕಾಪಾಡಿಕೊಳ್ಳುವುದಕ್ಕಾಗಿ ಗಡಿಯಾರದ ವೇಗವನ್ನು ತಗ್ಗಿಸುತ್ತದೆ. ಆಗಲೂ ಬಳಕೆ 100 ಎಂದೇ ಇರುತ್ತದೆ. ಕೆಲಸ ಮಾತ್ರ ನಿಧಾನವಾಗುತ್ತದೆ. ಆದುದರಿಂದ ಉಷ್ಣತೆ, ಗಡಿಯಾರದ ವೇಗ ಇವೆರಡನ್ನೂ ಜೊತೆಯಾಗಿ ತೋರಿಸದ ಸಾಧನವು ಈ ರೋಗವನ್ನು ಕಂಡುಹಿಡಿಯಲಾರದು. ಎನ್‌ವಿಡಿಯಾ-ಎಸ್‌ಎಂಐಯ ವಿಸ್ತೃತ ವರದಿಯಲ್ಲಿ ವೇಗವು ತಗ್ಗಿದುದಕ್ಕೆ ಬಿಸಿ ಕಾರಣವೋ ವಿದ್ಯುತ್ತಿನ ಮಿತಿ ಕಾರಣವೋ ಎಂಬುದೂ ದಾಖಲಾಗಿರುತ್ತದೆ. ಬಹುಮಂದಿ ಆ ಪುಟದವರೆಗೆ ಹೋಗುವುದೇ ಇಲ್ಲ.

ಮನೆಯ ಗಣಕಗಳಲ್ಲಿ ಬೇರೊಂದು ಬಗೆಯ ಭ್ರಮೆಯುಂಟು. ವಿಂಡೋಸ್‌ನ ‘ಟಾಸ್ಕ್ ಮ್ಯಾನೇಜರ್’ ಎಂಬ ಕಿಟಕಿಯು 2017ರಿಂದ ಜಿಪಿಯುವಿನ ನಕ್ಷೆಗಳನ್ನೂ ತೋರಿಸುತ್ತಿದೆ. ಚಿತ್ರ ಬಿಡಿಸುವುದು, ದತ್ತಾಂಶವನ್ನು ಸಾಗಿಸುವುದು, ವಿಡಿಯೊವನ್ನು ಬಿಚ್ಚುವುದು ಹೀಗೆ ಒಂದೊಂದು ಭಾಗಕ್ಕೂ ಅಲ್ಲಿ ಒಂದೊಂದು ನಕ್ಷೆ. ವೈಜ್ಞಾನಿಕ ಗಣನೆಯ ನಕ್ಷೆಯು ಮೊದಲ ನೋಟಕ್ಕೆ ಸಿಗದೆ, ಪಟ್ಟಿಯಿಂದ ಅದನ್ನು ಆರಿಸಿಕೊಳ್ಳಬೇಕಾದ ಸಂದರ್ಭಗಳುಂಟು. ಇದನ್ನರಿಯದವರು ಪೂರ್ಣವೇಗದಲ್ಲಿ ದುಡಿಯುತ್ತಿರುವ ಫಲಕವನ್ನು ಸೋಮಾರಿಯೆಂದು ತಿಳಿಯುತ್ತಾರೆ. ಮೊದಲಿನ ತಪ್ಪಿಗೆ ಇದು ತಿರುಗುಮುರುಗಾದ ತಪ್ಪು.

ಗಣಕದ ಆಟವಾಡುವವರಿಗೆ ಬೇಕಾದ ಅಳತೆಯೇ ಬೇರೆ. ಸೆಕೆಂಡಿಗೆ ಎಷ್ಟು ಚಿತ್ರಗಳು ಮೂಡಿದವೆಂಬ ಸರಾಸರಿಯನ್ನು ಅವರು ನೋಡುತ್ತಾರೆ. ಒಂದು ಸೆಕೆಂಡಿನಲ್ಲಿ 59 ಚಿತ್ರಗಳು 800 ಮಿಲಿಸೆಕೆಂಡುಗಳಲ್ಲಿ ಚುರುಕಾಗಿ ಬಂದು, ಉಳಿದ ಒಂದೇ ಚಿತ್ರಕ್ಕೆ 200 ಮಿಲಿಸೆಕೆಂಡು ಹಿಡಿದರೂ ಸರಾಸರಿ 60 ಎಂದೇ ಬರುತ್ತದೆ. ಕಣ್ಣಿಗಾದರೋ ಆ ಒಂದು ತಡೆಯು ಎಡವಿದಂತೆ ತೋರುತ್ತದೆ. ಒಂದೊಂದು ಚಿತ್ರಕ್ಕೂ ತಗಲಿದ ಕಾಲವನ್ನು ಬೇರೆ ಬೇರೆಯಾಗಿ ಬರೆದಿಡುವ ‘ಪ್ರೆಸೆಂಟ್‌ಮಾನ್’ನಂತಹ ಸಾಧನಗಳು ಇದಕ್ಕೆಂದೇ ಇವೆ.

ಸರಾಸರಿಯ ಈ ತೊಡಕು ಮಹಾಗಣಕಗಳಲ್ಲಿಯೂ ಇದೆ. ಅನೇಕ ಯಂತ್ರಗಳಿರುವ ಕೇಂದ್ರದಲ್ಲಿ ಯಾರೂ ಒಂದೊಂದರ ಮುಂದೆಯೂ ಕುಳಿತಿರಲಾರರು. ‘ಪ್ರೊಮಿಥಿಯಸ್’ ಎಂಬ ತಂತ್ರಾಂಶವು ನಿಯತ ಕಾಲಕ್ಕೊಮ್ಮೆ ಪ್ರತಿಯೊಂದು ಯಂತ್ರದಿಂದಲೂ ಅಂಕಿಗಳನ್ನು ತಂದು ಸಂಗ್ರಹಿಸುತ್ತದೆ. ‘ಗ್ರಾಫಾನಾ’ ಎಂಬುದು ಅವನ್ನು ನಕ್ಷೆಯಾಗಿ ತೆರೆಯ ಮೇಲೆ ಬಿಡಿಸುತ್ತದೆ. ಮೊದಲನೆಯದರಲ್ಲಿ ಅಂಕಿಗಳನ್ನು ತರುವ ಅವಧಿಯನ್ನು, ಬೇರೆ ಹೇಳದಿದ್ದರೆ, ಒಂದು ನಿಮಿಷವೆಂದು ಇಟ್ಟಿರುತ್ತಾರೆ. ದತ್ತಾಂಶವು ಬರುವುದು ತಡವಾಗಿ ಜಿಪಿಯು ಪ್ರತಿ ಎರಡು ಸೆಕೆಂಡಿಗೊಮ್ಮೆ ಅರ್ಧ ಸೆಕೆಂಡು ಕೈಕಟ್ಟಿ ಕೂರುತ್ತಿದ್ದರೆ, ಕಾಲಾವಕಾಶದ ಕಾಲುಭಾಗ ಹಾಳಾಗುತ್ತಿರುತ್ತದೆ; ನಿಮಿಷಕ್ಕೊಮ್ಮೆ ಇಣುಕುವವನ ಕಣ್ಣಿಗೆ ಆ ಏರಿಳಿತ ಬೀಳುವುದಿಲ್ಲ. ಅವಧಿಯನ್ನು ತೀರ ಕಿರಿದಾಗಿಸಿದರೆ ತಿಂಗಳೊಪ್ಪತ್ತಿನಲ್ಲಿ ಅಂಕಿಗಳ ರಾಶಿಯನ್ನು ಇಡಲು ಜಾಗ ಸಾಲದು. ಹುಡುಕುತ್ತಿರುವ ದೋಷವು ಎಷ್ಟು ಹೊತ್ತಿಗೊಮ್ಮೆ ತಲೆದೋರಬಹುದೆಂಬ ಅಂದಾಜಿನ ಮೇಲೆಯೇ ಅವಧಿಯನ್ನು ನಿರ್ಧರಿಸಬೇಕಾಗುತ್ತದೆ.

ಚಾವಡಿಯೊಳಗೆ ಹೋಗಿ ಮಣೆಗಳನ್ನು ಎಣಿಸುವ ಸಾಧನವೂ ಇಲ್ಲದಿಲ್ಲ. ‘ಡಿಸಿಜಿಎಂ’ ಎಂಬ ಹೆಸರಿನ ಇದನ್ನು ದೊಡ್ಡ ಗಣಕ ಕೇಂದ್ರಗಳ ಫಲಕಗಳಿಗಾಗಿ ಎನ್‌ವಿಡಿಯಾ ಸಂಸ್ಥೆಯೇ ರೂಪಿಸಿದೆ. ವಿ100ರ ತಲೆಮಾರಿನಿಂದೀಚೆಗಿನ ಇಂತಹ ಫಲಕಗಳಲ್ಲಿ ಪ್ರತಿಯೊಂದು ಗುಂಪೂ ಎಷ್ಟು ಹೊತ್ತು ಕೆಲಸದಲ್ಲಿತ್ತೆಂದು ಲೆಕ್ಕಹಾಕಿ, ಎಲ್ಲ ಗುಂಪುಗಳ ಸರಾಸರಿಯನ್ನು ಸೊನ್ನೆಯಿಂದ ಒಂದರವರೆಗಿನ ಅಂಕಿಯಾಗಿ ಅದು ಕೊಡುತ್ತದೆ. ಒಂದೇ ಗುಂಪು ದುಡಿದ ಉದಾಹರಣೆಯಲ್ಲಿ ಬರುವ ಅಂಕಿ 100 ಅಲ್ಲ, 80ರಲ್ಲಿ ಒಂದು ಪಾಲು, 0.0125. ಈ ಅಂಕಿಯು 0.5ಕ್ಕಿಂತ ಕಡಿಮೆಯಿದ್ದರೆ ಫಲಕವು ಸರಿಯಾಗಿ ಬಳಕೆಯಾಗುತ್ತಿಲ್ಲವೆಂದೂ, 0.8ಕ್ಕಿಂತ ಹೆಚ್ಚಿರುವುದು ಅವಶ್ಯಕವಾದರೂ ಅಷ್ಟರಿಂದಲೇ ಸಮಾಧಾನಪಡಬಾರದೆಂದೂ ಅದರ ಕೈಪಿಡಿಯಲ್ಲಿದೆ. ಮಣೆಯ ಮೇಲೆ ಕುಳಿತವನು ಅಡಿಕೆಯ ಬುಟ್ಟಿಗಾಗಿ ಕಾಯುತ್ತ ಕುಳಿತಿರಲೂ ಬಹುದಷ್ಟೆ. ಸ್ಮೃತಿಯಿಂದ ಸಂಖ್ಯೆಗಳು ಬರುವುದನ್ನೇ ಎದುರು ನೋಡುತ್ತಿರುವ ಗುಂಪನ್ನೂ ಈ ಲೆಕ್ಕವು ಕೆಲಸದಲ್ಲಿರುವ ಗುಂಪೆಂದೇ ಎಣಿಸುತ್ತದೆ.

ಇನ್ನೂ ಒಳಹೊಕ್ಕು ನೋಡಬೇಕಾದವರಿಗೆ ‘ಎನ್‌ಸೈಟ್’ ಎಂಬ ಸಾಧನಗಳಿವೆ. ಗಣನೆಯ ಒಂದೊಂದು ತುಣುಕೂ ಎಲ್ಲಿ ತಡೆಯಿತು, ಏಕೆ ತಡೆಯಿತು ಎಂಬುದನ್ನು ಅವು ಬಿಡಿಸಿ ಹೇಳಬಲ್ಲವು. ಆದರೆ ಅದಕ್ಕೆ ತೆರಬೇಕಾದ ಬೆಲೆಯೂ ದೊಡ್ಡದು. ಅವುಗಳಲ್ಲಿ ಒಂದು ಬೇಕಾದ ಎಲ್ಲ ಎಣಿಕೆಗಳನ್ನೂ ಒಂದೇ ಸಲಕ್ಕೆ ಪಡೆಯಲಾರದೆ ಅದೇ ತುಣುಕನ್ನು ಮತ್ತೆ ಮತ್ತೆ ನಡೆಸುತ್ತದೆ. ಕೆಲಸವು ಹಲವು ಪಟ್ಟು ನಿಧಾನವಾಗುತ್ತದೆ. ಇದು ಆಸ್ಪತ್ರೆಯಲ್ಲಿ ಮಲಗಿಸಿ ಮಾಡುವ ಪರೀಕ್ಷೆಯೇ ಹೊರತು ದಿನವೂ ನಾಡಿ ಹಿಡಿದು ನೋಡುವಂತಹುದಲ್ಲ. ಡಿಸಿಜಿಎಂ, ಎನ್‌ಸೈಟ್ ಎರಡೂ ಫಲಕದೊಳಗಿನ ಅವೇ ಎಣಿಕೆಯ ಸಾಧನಗಳನ್ನು ಅವಲಂಬಿಸಿರುವುದರಿಂದ ಒಂದು ನೋಡುವಾಗ ಇನ್ನೊಂದನ್ನು ನಿಲ್ಲಿಸಬೇಕಾಗಿ ಬರುವುದೂ ಉಂಟು. ಒಬ್ಬ ಗುಮಾಸ್ತನನ್ನು ಇಬ್ಬರು ಧಣಿಗಳು ಒಟ್ಟಿಗೆ ಕರೆದಂತೆ.

ಇಷ್ಟೆಲ್ಲ ಕಷ್ಟಪಟ್ಟು ಅಳೆಯುವುದರಿಂದ ಬರುವ ಲಾಭವನ್ನು ರೂಪಾಯಿಗಳಲ್ಲಿಯೂ ಹೇಳಬಹುದು. 2024ರ ಮಾರ್ಚ್ ತಿಂಗಳಿನಲ್ಲಿ ಕೇಂದ್ರ ಸರ್ಕಾರವು 10,300 ಕೋಟಿ ರೂಪಾಯಿಗಳಿಗೂ ಮಿಕ್ಕ ವೆಚ್ಚದ ಇಂಡಿಯಾ ಎಐ ಅಭಿಯಾನಕ್ಕೆ ಒಪ್ಪಿಗೆಯಿತ್ತಿತು. ಸಂಶೋಧಕರಿಗೂ ಹೊಸ ಉದ್ಯಮಿಗಳಿಗೂ ಜಿಪಿಯುಗಳನ್ನು ರಿಯಾಯಿತಿ ದರದಲ್ಲಿ ಗಂಟೆಯ ಲೆಕ್ಕದಲ್ಲಿ ಒದಗಿಸುವುದು ಅದರ ಉದ್ದೇಶಗಳಲ್ಲಿ ಒಂದು. ಬಾಡಿಗೆಯನ್ನು ಗಂಟೆಗೆ 100 ರೂಪಾಯಿ ಎಂದಿಟ್ಟುಕೊಳ್ಳೋಣ. ಕನ್ನಡದ ಮಾತನ್ನು ಬರಹಕ್ಕಿಳಿಸುವ ತಂತ್ರಾಂಶವೊಂದನ್ನು ಸಿದ್ಧಪಡಿಸಲು 8 ಜಿಪಿಯುಗಳನ್ನು 10 ದಿನ ಹಿಡಿದರೆ 1,920 ಗಂಟೆಗಳು. ಬಾಡಿಗೆ 1,92,000 ರೂಪಾಯಿ. ಧ್ವನಿಯ ಕಡತಗಳನ್ನು ಬಿಚ್ಚಿ ಕೊಡುವ ಸಾಮಾನ್ಯ ಪ್ರೊಸೆಸರು ನಿಧಾನವಾದುದರಿಂದ ಜಿಪಿಯುಗಳು ಮೂರನೆಯ ಒಂದು ಪಾಲು ಹೊತ್ತು ಮಾತ್ರ ದುಡಿದಿದ್ದರೆ 1,28,000 ರೂಪಾಯಿ ಗಾಳಿಯನ್ನು ಹೀರಿದ ಪಂಪಿಗೆ ಸಂದಂತಾಯಿತು. ದೋಷವು ಜಿಪಿಯುವಿನಲ್ಲಿ ಇಲ್ಲವೇ ಇಲ್ಲ. ಅದನ್ನರಿಯದೆ ಇನ್ನೂ ವೇಗದ ಜಿಪಿಯುವನ್ನು ತಂದರೆ ಕಾಯುವ ಹೊತ್ತು ಮಾತ್ರ ಹೆಚ್ಚೀತು.

ಕೊನೆಯ ಅಳತೆ ತಕ್ಕಡಿಯದು. ಯಂತ್ರವು ಮಾಡಬಲ್ಲ ಗರಿಷ್ಠ ಲೆಕ್ಕಗಳಲ್ಲಿ, ಉದ್ದಿಷ್ಟ ಕೆಲಸಕ್ಕೆ ನಿಜವಾಗಿ ಸಂದವು ಶೇಕಡಾ ಎಷ್ಟು? 2024ರಲ್ಲಿ ಅಮೆರಿಕದ ಮೆಟಾ ಸಂಸ್ಥೆಯು ‘ಲಾಮಾ 3’ ಎಂಬ ಭಾಷಾ ಮಾದರಿಗಾಗಿ 16,000ದಷ್ಟು ‘ಎಚ್100’ ಜಿಪಿಯುಗಳನ್ನು ಒಟ್ಟಿಗೆ ದುಡಿಸಿತು. ನುರಿತ ಎಂಜಿನಿಯರುಗಳ ಕೈಯಲ್ಲಿಯೂ ಈ ಅಂಕಿಯು 38ರಿಂದ 43ರ ನಡುವೆ ಇತ್ತೆಂದು ಅವರೇ ಪ್ರಕಟಿಸಿದರು. ಅವರ ಅವಲೋಕನಗಳಲ್ಲಿ ಇನ್ನೊಂದು ಸ್ವಾರಸ್ಯಕರವಾಗಿದೆ. ಹಗಲು ಹೊತ್ತೇರಿದಂತೆ ಒಟ್ಟು ಕೆಲಸದ ವೇಗವು ಶೇಕಡಾ ಒಂದೆರಡರಷ್ಟು ಏರುಪೇರಾಗುತ್ತಿತ್ತು. ಮಧ್ಯಾಹ್ನದ ಬಿಸಿಲಿಗೆ ಫಲಕಗಳ ಗಡಿಯಾರದ ವೇಗವು ತಗ್ಗುತ್ತಿದ್ದುದೇ ಇದಕ್ಕೆ ಕಾರಣವೆಂದು ಅವರು ಕಂಡುಕೊಂಡರು. ದಿನಗಟ್ಟಲೆ ಅಂಕಿಗಳನ್ನು ಬರೆದಿಟ್ಟವರಿಗೆ ಮಾತ್ರ ಇಂತಹುದು ಕಾಣಸಿಗುತ್ತದೆ. ತೆರೆಯ ಮೇಲಿನ ಕ್ಷಣಿಕವಾದ ಅಂಕಿಯನ್ನು ನೋಡಿ ಹೋದವರಿಗಲ್ಲ.

ಆದುದರಿಂದ ಸಾಧನವನ್ನು ಆರಿಸುವವನು ಮೊದಲು ತನ್ನ ಪ್ರಶ್ನೆಯನ್ನು ಗೊತ್ತುಪಡಿಸಿಕೊಳ್ಳುತ್ತಾನೆ. ಒಂದು ಫಲಕವುಳ್ಳ ವಿದ್ಯಾರ್ಥಿಗೆ ಎನ್‌ವಿಡಿಯಾ-ಎಸ್‌ಎಂಐ ಧಾರಾಳವಾಗಿ ಸಾಕು. ಸೆಕೆಂಡಿಗೊಮ್ಮೆ ವಾಟ್, ಉಷ್ಣತೆ, ಗಡಿಯಾರದ ವೇಗಗಳನ್ನು ಕಡತದಲ್ಲಿ ಬರೆದಿಡುವಂತೆ ಅದಕ್ಕೆ ಆಜ್ಞೆ ಮಾಡಬಹುದು. ಬೇರೆ ತಯಾರಕರ ಫಲಕವಾದರೆ ಅವರವರ ಉಪಕರಣಗಳಿವೆ. ಹಲವು ತಯಾರಕರ ಫಲಕಗಳನ್ನು ಒಂದೇ ಕಡೆ ತೋರಿಸುವ ‘ಎನ್‌ವಿಟಾಪ್’ ಎಂಬ ಮುಕ್ತ ತಂತ್ರಾಂಶವೂ ಇದೆ. ಹತ್ತಾರು ಮಂದಿ ಹಂಚಿಕೊಳ್ಳುವ ಯಂತ್ರಕ್ಕೆ ಡಿಸಿಜಿಎಂ ಮತ್ತು ಅದರ ಅಂಕಿಗಳನ್ನು ಕೂಡಿಡುವ ವ್ಯವಸ್ಥೆ ಬೇಕು. ಎನ್‌ಸೈಟನ್ನು ಹೊರತೆಗೆಯುವುದು ರೋಗವಿದೆಯೆಂದು ಖಚಿತವಾದ ಮೇಲೆ.

ಪಂಪಿನ ಕೋಣೆಯಲ್ಲಿ ಈಗ ಅಮ್ಮೀಟರನ್ನು ನೋಡುತ್ತ ನಿಲ್ಲಬೇಕಾದ ಅಗತ್ಯವೂ ಕಡಿಮೆಯಾಗಿದೆ. ನೀರು ಬತ್ತಿ ವಿದ್ಯುತ್ ಪ್ರವಾಹವು ನಿಗದಿತ ಮಟ್ಟಕ್ಕಿಂತ ಇಳಿದೊಡನೆ ಮೋಟಾರನ್ನು ತಾನಾಗಿಯೇ ನಿಲ್ಲಿಸುವ ಪೆಟ್ಟಿಗೆಗಳು ಬಂದಿವೆ. ಗಣಕ ಕೇಂದ್ರಗಳಲ್ಲಿಯೂ ಅಂತಹ ಏರ್ಪಾಡು ಸಾಧ್ಯ. ಹಿಡಿದುಕೊಂಡ ಜಿಪಿಯುವನ್ನು ಗಂಟೆಗಟ್ಟಲೆ ಸುಮ್ಮನಿಟ್ಟ ಗಣನೆಯ ಒಡೆಯನಿಗೆ ಮೊದಲು ಒಂದು ಎಚ್ಚರಿಕೆಯ ಪತ್ರವು ಹೋಗುತ್ತದೆ. ಉತ್ತರವಿಲ್ಲದಿದ್ದರೆ ಆ ಗಣನೆಯನ್ನು ನಿಲ್ಲಿಸಲಾಗುತ್ತದೆ. ಮರುಗಳಿಗೆಯಲ್ಲಿಯೇ ಸರದಿಯಲ್ಲಿ ಕಾದಿದ್ದ ಮುಂದಿನವರ ಕೆಲಸವು ಆರಂಭವಾಗುತ್ತದೆ.